ಕಾವಲಿಲ್ಲದ ಕೊಠಡಿ

ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟದ ಕೆಲಸವೆಂದು ನಿಂತವರಿಗೇ ಗೊತ್ತು. ಪಾಠ ಮಾಡುವುದಾದರೂ ವಾಸಿ, ಬಾಯಿ ಆಡುತ್ತಿರುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಇಲ್ಲಿ ಕೂರುವಂತಿಲ್ಲ, ಓದುವಂತಿಲ್ಲ, ಪಕ್ಕದ ಕೊಠಡಿಯ ಮೇಷ್ಟರ ಜೊತೆ ಬಾಗಿಲಲ್ಲಿ ನಿಂತು ಎರಡು ಮಾತಾಡಿದರೆ ಹೆಡ್‌ಮಾಸ್ಟರು ದೂರದಿಂದಲೇ ಕೆಮ್ಮುತ್ತಾರೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಾ ಇಪ್ಪತ್ತನಾಲ್ಕು ತಲೆಗಳ ಮೇಲೆ ಕಣ್ಣಿಟ್ಟಿರಬೇಕು. ನಮ್ಮ ಮನೆಯವರು ತಮಾಷೆ ಮಾಡುವುದುಂಟು: "ಬಿ.ಎ., ಬಿ.ಎಡ್. ಮಾಡಿ ಕೊನೆಗೆ ನೀನು ಮಾಡೋದು ತೋಟ ಕಾಯೋ ಕೆಲಸವೇ!"

ಮೂವತ್ತು ವರ್ಷ ಹೀಗೆ ತೋಟ ಕಾದ ನನಗೆ 2023ರ ಬೇಸಿಗೆ ರಜೆಯಲ್ಲಿ ಕಾವಲೇ ಇಲ್ಲದ ಒಂದು ಪರೀಕ್ಷೆಯ ಕೊಠಡಿ ನೋಡಸಿಕ್ಕಿತು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ವ್ಯಾಲ್ಪರೈಸೊ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ. ಅದರ ವಿಷಯ ಬರೆಯಬೇಕೆಂದು ಬಂದ ದಿನದಿಂದಲೂ ಅಂದುಕೊಂಡಿದ್ದೆ. ಆದರೆ ಬರೆಯಹೊರಟರೆ ನನ್ನದೇ ಒಂದು ಹಳೆಯ ಕತೆ ಸೆರಗು ಹಿಡಿದುಕೊಂಡು ಜೊತೆಗೆ ಬರುತ್ತದೆ. ಅದನ್ನು ಬಿಟ್ಟು ಇದನ್ನು ಹೇಳುವುದಕ್ಕಾಗುವುದಿಲ್ಲ. ಅದಕ್ಕೇ ಇಷ್ಟು ತಡ.

ನನ್ನ ತಮ್ಮ ಇರುವುದು ಶಿಕಾಗೋ ಹತ್ತಿರ. ಅಲ್ಲಿಗೆ ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಅವನ ಮಗಳು ಅಲ್ಲೇ ಹುಟ್ಟಿ ಬೆಳೆದವಳು, ವ್ಯಾಲ್ಪರೈಸೊದಲ್ಲಿ ಎರಡನೆಯ ವರ್ಷದ ಓದು, ಹಾಸ್ಟೆಲಿನಲ್ಲಿ ವಾಸ. ಶಿಕಾಗೋದಿಂದ ಕಾರಿನಲ್ಲಿ ಒಂದು ಗಂಟೆಯ ಚಿಲ್ಲರೆ ದಾರಿ. ನಾನು ಹೋದಾಗ ಅವಳಿಗೆ ಪರೀಕ್ಷೆಯ ಸಮಯ. "ನೀನೇ ಹೋಗಿ ಮೂರು ದಿನ ಅವಳ ಜೊತೆ ಇದ್ದು ಬಾ ಅಕ್ಕ. ನಾವು ಕೇಳಿದ್ರೆ ಏನೂ ಹೇಳಲ್ಲ. ಹೇಗೆ ಓದ್ತಿದಾಳೆ, ಮಾರ್ಕ್ಸ್ ಏನು, ನೀನು ಟೀಚರು, ನಿನಗೆ ತಿಳಿಯುತ್ತೆ" ಎಂದ. ಅಂದರೆ ಅಲ್ಲಿಗೂ ನನ್ನನ್ನು ಕಳಿಸಿದ್ದು ಕಾವಲಿಗೇ!

ಮಕ್ಕಳ ಅಂಕ ತಂದೆತಾಯಿಗೆ ಗೊತ್ತಿಲ್ಲದೆ ಹೋಗುವುದು ಹೇಗೆ ಎಂದು ನನಗೆ ಆಶ್ಚರ್ಯ. ನಮ್ಮಲ್ಲಿ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ಬಾರದಿದ್ದರೆ ಮಗುವನ್ನು ತರಗತಿಯ ಹೊರಗೆ ನಿಲ್ಲಿಸುತ್ತೇವೆ. ಆ ಸಹಿಯನ್ನು ಮಕ್ಕಳೇ ಹಾಕಿಕೊಂಡು ಬಂದರೆ ಪತ್ತೆ ಮಾಡುವ ವಿದ್ಯೆಯೂ ನಮಗುಂಟು. ಅಲ್ಲಿ ಹಾಗಲ್ಲವಂತೆ. 1974ರಲ್ಲಿ ಆ ದೇಶದಲ್ಲಿ ಒಂದು ಕಾನೂನು ಬಂತು, ಫೆರ್ಪಾ ಎನ್ನುತ್ತಾರೆ. ಮಗು ಕಾಲೇಜಿನ ಮೆಟ್ಟಿಲು ಹತ್ತಿತೆಂದರೆ ಅದರ ಅಂಕ, ಹಾಜರಿ, ದಾಖಲೆಯ ಹಕ್ಕೆಲ್ಲ ಅದಕ್ಕೇ ಸೇರಿದ್ದು. ಅಪ್ಪ ಫೋನು ಮಾಡಿ "ನನ್ನ ಮಗಳು ಪಾಸೋ ಫೇಲೋ" ಎಂದರೆ, ಮಗಳ ಒಪ್ಪಿಗೆ ಪತ್ರ ಇದೆಯೇ ಎಂದು ಕೇಳುತ್ತಾರೆ. ತಮ್ಮ ಆ ಒಪ್ಪಿಗೆಯ ಫಾರಂ ಅನ್ನು ಮಗಳಿಗೆ ಎರಡು ಸಲ ಕಳಿಸಿದ್ದ. ಎರಡು ಸಲವೂ ಸಹಿಯಾಗಿ ಬಂದಿರಲಿಲ್ಲ. "ದುಡ್ಡು ಕಟ್ಟೋಕೆ ನಾನು, ನೋಡೋಕೆ ನಾನಲ್ಲ" ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ತಮ್ಮನ ಹೆಂಡತಿ ಹಿಂದಿನ ಸೀಟಿನಿಂದ, "ಹೋಗ್ಲಿ ಬಿಡಿ ಅತ್ತಿಗೆ, ಇವರ ಮಾರ್ಕ್ಸ್ ಎಲ್ಲಾ ಮಾವನವರಿಗೆ ತೋರಿಸ್ತಿದ್ರಾ?" ಎಂದಳು. ತೋರಿಸುತ್ತಿರಲಿಲ್ಲ ಎಂದು ನನಗೆ ಗೊತ್ತು. ಪಿಯುಸಿಯ ಅರ್ಧವಾರ್ಷಿಕದ ಕಾರ್ಡಿಗೆ ಸಹಿ ಹಾಕಿದ್ದು ನಾನೇ!

ವ್ಯಾಲ್ಪರೈಸೊ ಎನ್ನುವುದು ಚಿಲಿ ದೇಶದ ಒಂದು ಬಂದರಿನ ಹೆಸರು. ಅದು ಇಂಡಿಯಾನಾದ ಜೋಳದ ಹೊಲಗಳ ನಡುವೆ ಬಂದು ಕೂತಿದೆ. ಊರವರು ಪ್ರೀತಿಯಿಂದ ವ್ಯಾಲ್ಪೊ ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಅಲ್ಲಿ ಪಾಪ್‌ಕಾರ್ನಿನ ಜಾತ್ರೆ ನಡೆಯುತ್ತದಂತೆ, ನಮ್ಮ ಕಡಲೆಕಾಯಿ ಪರಿಷೆಯ ಹಾಗೆ. ನಾನು ಹೋದಾಗ ಜಾತ್ರೆ ಇರಲಿಲ್ಲ. ಮರಗಳು ಆಗಷ್ಟೇ ಚಿಗುರುತ್ತಿದ್ದವು, ಗಾಳಿ ಮಾತ್ರ ನಮ್ಮ ಡಿಸೆಂಬರಿನದು. ಸ್ವೆಟರಿನ ಮೇಲೆ ಶಾಲು ಹೊದ್ದು ನಾನು ಆವರಣದಲ್ಲಿ ನಡೆಯುತ್ತಿದ್ದರೆ ಪಕ್ಕದಲ್ಲಿ ಹುಡುಗರು ಚಡ್ಡಿ ಹಾಕಿಕೊಂಡು ಓಡುತ್ತಿದ್ದರು.

ಈ ವಿಶ್ವವಿದ್ಯಾಲಯ ಲೂಥರನ್ನರದು. ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ತೊಂಬತ್ತೈದು ಆಕ್ಷೇಪಗಳನ್ನು ಬರೆದು ರೋಮಿನ ಚರ್ಚಿಗೆ ಎದುರು ನಿಂತನೆಂದು ಎಂಟನೆಯ ತರಗತಿಗೆ ಎಷ್ಟು ವರ್ಷ ಪಾಠ ಮಾಡಿದ್ದೇನೋ! ಆ ಹೆಸರು ನಮಗೆ ತೀರ ಹೊರಗಿನದೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಇಳಿದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಪಂಗಡದವರೂ ಇದ್ದರು. ಕಿಟೆಲ್ಲರು 1894ರಲ್ಲಿ ಹೊರತಂದ ನಿಘಂಟು ಆ ಮಿಷನ್ನಿನ ದುಡಿಮೆಯ ಫಲವೇ. ಈಗಲೂ ಒಂದು ಪದಕ್ಕೆ ತಡವರಿಸಿದರೆ ನಾನು ತೆಗೆಯುವುದು ಅದನ್ನೇ.

ಆದರೆ ಈ ವಿಶ್ವವಿದ್ಯಾಲಯ ಹುಟ್ಟಿದಾಗ ಲೂಥರನ್ನರ ಕೈಯಲ್ಲಿರಲಿಲ್ಲ. 1859ರಲ್ಲಿ ಮೆಥಡಿಸ್ಟರು ಕಟ್ಟಿದ್ದು. ಆಗಲೇ ಅದರ ಹೆಸರಿನಲ್ಲೇ ಗಂಡಸರ ಜೊತೆ ಹೆಂಗಸರೂ ಇದ್ದರೆಂದು ತಿಳಿದಾಗ ನನಗೆ ಅಲ್ಲೇ ಒಂದು ಕೈ ಮುಗಿಯೋಣವೆನ್ನಿಸಿತು. 1871ರಲ್ಲಿ ಮುಚ್ಚಿತು, 1873ರಲ್ಲಿ ಹೆನ್ರಿ ಬೇಕರ್ ಬ್ರೌನ್ ಎಂಬವರು ಮತ್ತೆ ತೆರೆದರು. ಶುಲ್ಕ ಕಡಿಮೆ, ಯಾರು ಬಂದರೂ ಸೇರಿಸಿಕೊಳ್ಳುತ್ತಿದ್ದರು. ಬಡವರ ಹಾರ್ವರ್ಡ್ ಎಂದು ಹೆಸರಾಯಿತು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ. 1923ರಲ್ಲಿ ಕೊಳ್ಳಲು ಬಂದವರು ಯಾರು ಗೊತ್ತೇ? ಕರಿಯರನ್ನೂ ಕ್ಯಾಥೊಲಿಕರನ್ನೂ ಯೆಹೂದಿಗಳನ್ನೂ ದ್ವೇಷಿಸುತ್ತಿದ್ದ, ಬಿಳಿ ಮುಸುಕಿನ ಕು ಕ್ಲಕ್ಸ್ ಕ್ಲಾನಿನವರು! ಆ ವ್ಯಾಪಾರ ಕುದುರಲಿಲ್ಲ. 1925ರಲ್ಲಿ ಲೂಥರನ್ನರ ಒಂದು ಸಂಘ ಕೊಂಡುಕೊಂಡಿತು. ಇಲ್ಲಿನ ಆಟಗಾರರನ್ನು ಬಹಳ ಕಾಲ ಕ್ರುಸೇಡರ್ಸ್, ಅಂದರೆ ಧರ್ಮಯೋಧರು, ಎಂದು ಕರೆಯುತ್ತಿದ್ದರು. ಆ ಯೋಧನ ಚಿತ್ರವನ್ನು ಕ್ಲಾನಿನಂಥ ದ್ವೇಷದ ಗುಂಪುಗಳೂ ಬಳಸುತ್ತವೆಂದು 2021ರಲ್ಲಿ ಅದನ್ನು ಕೈಬಿಟ್ಟು, ಬೀಕನ್ಸ್, ದಾರಿ ತೋರುವ ದೀಪಗಳು, ಎಂದು ಹೆಸರು ಬದಲಿಸಿದರು. ಸೊಸೆ ಹಾಕಿಕೊಂಡಿದ್ದ ಅಂಗಿಯ ಮೇಲೆ ಅದೇ ದೀಪ. ತಮ್ಮನ ಮಗಳನ್ನು ನಾವು ಸೊಸೆ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ.

ನಾನು ಊರಂಚಿನ ಒಂದು ಮೋಟೆಲಿನಲ್ಲಿ ಉಳಿದೆ. ರಾತ್ರಿ ಸೊಸೆ ಪುಸ್ತಕದ ಚೀಲ ಹೊತ್ತು ಅಲ್ಲಿಗೇ ಬರುತ್ತಿದ್ದಳು. ಅವಳ ಕನ್ನಡ ಮುದ್ದಾಗಿದೆ, ಆದರೆ ನೀನು-ನೀವು ಎರಡೂ ಬೆರೆತುಹೋಗುತ್ತವೆ. "ಅತ್ತೆ, ನೀನು ಊಟ ಮಾಡಿದ್ರಾ?" ಎನ್ನುತ್ತಾಳೆ. ತಿದ್ದಬೇಕೆಂದು ಬಾಯಿ ತೆರೆದು ಸುಮ್ಮನಾಗುತ್ತಿದ್ದೆ. ತರಗತಿಯಾಚೆ ಎಲ್ಲವನ್ನೂ ತಿದ್ದುವ ಚಪಲ ಒಳ್ಳೆಯದಲ್ಲ.

ಮೊದಲ ದಿನ ಅವಳ ಹಾಸ್ಟೆಲ್ ತೋರಿಸಿದಳು. ಮಹಡಿಗೊಬ್ಬರಂತೆ ಹಿರಿಯ ವಿದ್ಯಾರ್ಥಿಯೇ ಮೇಲ್ವಿಚಾರಕಿ. ನಮ್ಮ ವಾರ್ಡನ್ನಮ್ಮನವರ ಹಾಗೆ ಕೀಗೊಂಚಲು ಆಡಿಸುವವರಲ್ಲ, ಬಾಗಿಲಿಗೆ ಬಣ್ಣದ ಕಾಗದದಲ್ಲಿ ಪ್ರತಿ ಹುಡುಗಿಯ ಹೆಸರು ಕತ್ತರಿಸಿ ಅಂಟಿಸಿದ್ದಳು. ಬಚ್ಚಲುಮನೆಯ ಬಾಗಿಲ ಹಿಂದೆ ಒಂದು ಪ್ರಕಟಣೆ ಇತ್ತು, ಕನ್ನಡಕ ಏರಿಸಿ ಪೂರ್ತಿ ಓದಿದೆ. ಯಾರಾದರೂ ನಿನ್ನನ್ನು ಪೀಡಿಸಿದರೆ ಯಾರಿಗೆ ಹೇಳಬೇಕು ಎಂದಿತ್ತು. ಸೊಸೆ ಬಿಡಿಸಿ ಹೇಳಿದಳು: ಉಪಾಧ್ಯಾಯರಿಗೆ ಹೇಳಿದರೆ ಅವರು ಅದನ್ನು ಮೇಲಿನವರಿಗೆ ತಿಳಿಸಲೇಬೇಕು, ಗುಟ್ಟಾಗಿ ಇಟ್ಟುಕೊಳ್ಳುವಂತಿಲ್ಲ. ಗುಟ್ಟು ಕಾಯಬಲ್ಲವರೆಂದರೆ ಚಾಪೆಲಿನ ಪಾದ್ರಿ, ಆಪ್ತಸಲಹೆಯ ಕೋಣೆಯವರು, ಇಂಥವರು. ಯಾರ ಬಾಯಿಗೆ ಬೀಗ ಇದೆ, ಯಾರ ಬಾಯಿಗೆ ಇಲ್ಲ ಎನ್ನುವುದನ್ನು ಮೊದಲೇ ಗೋಡೆಯ ಮೇಲೆ ಬರೆದಿಟ್ಟಿದ್ದಾರಲ್ಲ ಎಂದುಕೊಂಡೆ. ನಮ್ಮ ಶಾಲೆಯಲ್ಲೂ ಹೆಣ್ಣುಮಕ್ಕಳು ಒಮ್ಮೊಮ್ಮೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಹಿಂದುಮುಂದು ನೋಡುತ್ತಾ ನಿಲ್ಲುತ್ತಾರೆ. ಏನೇ ಎಂದರೆ ಏನಿಲ್ಲ ಮಿಸ್ ಎಂದು ಓಡುತ್ತಾರೆ. ಹೇಳಿದರೆ ಮಾತು ಎಲ್ಲಿಯವರೆಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಓಡುತ್ತಿದ್ದರೇ ಎಂದು ಆ ಬಚ್ಚಲುಮನೆಯಲ್ಲಿ ನಿಂತು ಯೋಚಿಸಿದೆ.

ಹಾಸ್ಟೆಲೆಂದಾಗ ಇನ್ನೊಂದು ಹೇಳಬೇಕು. ಆ ವರ್ಷ ಫೆಬ್ರವರಿಯಿಂದ ಅಲ್ಲಿ ದೊಡ್ಡ ಜಗಳ. ಹೊಸದಾಗಿ ಸೇರುವ ಮಕ್ಕಳ ಹಾಸ್ಟೆಲುಗಳು ಹಳೆಯದಾಗಿವೆ, ದುರಸ್ತಿಗೆ ಹಣ ಬೇಕು, ಅದಕ್ಕೆ ತಮ್ಮ ವಸ್ತುಸಂಗ್ರಹಾಲಯದ ಮೂರು ಹೆಸರಾಂತ ಚಿತ್ರಗಳನ್ನು ಮಾರುತ್ತೇವೆಂದು ವಿಶ್ವವಿದ್ಯಾಲಯ ಹೇಳಿತ್ತು. ಒಂದು ಜಾರ್ಜಿಯಾ ಓಕೀಫ್ ಬರೆದ ಕೆಂಪುಗುಡ್ಡಗಳ ಚಿತ್ರ. ಉಳಿದೆರಡು ಚೈಲ್ಡ್ ಹಾಸಮ್ ಮತ್ತು ಫ್ರೆಡರಿಕ್ ಚರ್ಚ್ ಅವರವು. ಆ ಸಂಗ್ರಹಾಲಯವನ್ನು ಬೆಳೆಸಿದ ರಿಚರ್ಡ್ ಬ್ರಾವರ್ ಎಂಬ ಹಿರಿಯರು, ಮಾರುವುದಾದರೆ ಅದಕ್ಕಿಟ್ಟ ನನ್ನ ಹೆಸರನ್ನೂ ತೆಗೆದುಬಿಡಿ ಎಂದರು. ವಿಷಯ ಕೋರ್ಟಿಗೆ ಹೋಯಿತು, 2024ರಲ್ಲಿ ಮಾರಲು ಅನುಮತಿಯೂ ಸಿಕ್ಕಿತು. ಸೊಸೆಯ ಗೆಳತಿಯರು ಊಟದ ಮೇಜಿನಲ್ಲಿ ಇದೇ ಚರ್ಚೆ ಮಾಡುತ್ತಿದ್ದರು. ಹುಲ್ಲಿನಂಥ ಎಲೆಗಳನ್ನು ನಾನು ಫೋರ್ಕಿನಿಂದ ಚುಚ್ಚುತ್ತಾ ಕೇಳುತ್ತಿದ್ದೆ. "ಆಂಟಿ, ನೀವೇನಂತೀರಿ?" ಎಂದು ನನ್ನನ್ನೂ ಎಳೆದರು. ಮಗಳ ಬಚ್ಚಲುಮನೆಯ ನಲ್ಲಿ ಸೋರುತ್ತಿದ್ದರೆ ತಾಯಿಯಾದವಳು ಅಟ್ಟದ ಮೇಲಿನ ಬೆಳ್ಳಿ ಚೊಂಬನ್ನು ಮಾರಲು ಯೋಚನೆ ಮಾಡುವುದಿಲ್ಲ. ಆದರೆ ಆ ಚೊಂಬು ಅಜ್ಜಿ ನಂಬಿ ಕೊಟ್ಟುಹೋದದ್ದಾದರೆ? ಮಾರಬೇಡ ಎಂದು ಅವಳು ಬಾಯಿಬಿಟ್ಟು ಹೇಳಿರದಿದ್ದರೂ? ನನಗಂತೂ ಉತ್ತರ ತೋಚಲಿಲ್ಲ. ಬೆಳ್ಳಿ ಚೊಂಬಿನ ಕತೆ ಹೇಳಿದೆ. ಅವರಿಗೆ ಅದು ತುಂಬ ಇಷ್ಟವಾಯಿತು.

ಎರಡನೆಯ ದಿನ ಬೆಳಿಗ್ಗೆ ಚಾಪೆಲಿಗೆ ಹೋದೆವು. ಚಾಪೆಲ್ ಎಂದರೆ ಚಿಕ್ಕ ಗುಡಿ ಎಂದುಕೊಂಡಿದ್ದೆ. ಅದು 1959ರಲ್ಲಿ ಕಟ್ಟಿ ಮುಗಿಸಿದ್ದು, ಕಾಲೇಜುಗಳ ಚಾಪೆಲುಗಳಲ್ಲಿ ಪ್ರಪಂಚದಲ್ಲೇ ಬಹಳ ದೊಡ್ಡವುಗಳ ಪೈಕಿ ಒಂದು. ಪೀಠದ ಸುತ್ತ ಆಳೆತ್ತರಕ್ಕೆ ಎಷ್ಟೋ ಪಾಲು ಮೇಲೆ ಹೋಗುವ ಬಣ್ಣದ ಗಾಜು. ಹೊರಗೆ ಮೋಡ ಸರಿದರೆ ಒಳಗಿನ ನೆಲದ ಬಣ್ಣವೇ ಬದಲಾಗುತ್ತದೆ. ಬೆಳಗಿನ ಹೊತ್ತು ಸ್ವಲ್ಪ ಸಮಯ ಯಾವ ತರಗತಿಯೂ ಇಡದೆ ಪ್ರಾರ್ಥನೆಗೆ ಬಿಡುತ್ತಾರೆ. ಬರಲೇಬೇಕೆಂದಿಲ್ಲ. ಬೇರೆ ಮತದವರೂ ಬರಬಹುದು, ಯಾವ ಮತವೂ ಇಲ್ಲದವರು ಹೊರಗೆ ಕಾಫಿ ಕುಡಿಯುತ್ತಾ ಕೂರಬಹುದು. ನಾವು ಹೋದ ದಿನ ಅಷ್ಟು ದೊಡ್ಡ ಜಾಗದಲ್ಲಿ ಬೆರಳೆಣಿಕೆಯಷ್ಟು ಜನ. ನನ್ನ ಕೈ ಹಾಜರಿ ಪುಸ್ತಕ ಹುಡುಕುತ್ತಿತ್ತು! ನಮ್ಮಲ್ಲಿ ಪ್ರಾರ್ಥನೆಗೆ ಐದು ನಿಮಿಷ ತಡವಾದವರನ್ನು ಗೇಟಿನ ಹೊರಗೆ ನಿಲ್ಲಿಸಿ, ನಾಡಗೀತೆ ಮುಗಿದ ಮೇಲೆ ಕಸ ಹೆಕ್ಕಿಸುತ್ತೇವೆ. "ಇಷ್ಟು ಕಮ್ಮಿ ಜನ ಬಂದ್ರೆ ಬೇಜಾರಾಗಲ್ವಾ ಇವರಿಗೆ?" ಎಂದು ಸೊಸೆಯನ್ನು ಕೇಳಿದೆ. "ಬಂದೋರು ಬೇಕು ಅಂತ ಬಂದಿದಾರಲ್ಲ ಅತ್ತೆ" ಎಂದಳು.

ಅಲ್ಲಿಂದ ನೇರ ಅವಳ ಪರೀಕ್ಷೆ. ಹೊರಗೆ ಚಳಿಯೆಂದು ನನ್ನನ್ನು ಆ ಕಟ್ಟಡದ ಓಣಿಯಲ್ಲೇ ಒಂದು ಬೆಂಚಿನ ಮೇಲೆ ಕೂರಿಸಿದಳು. ಎದುರಿನ ಕೊಠಡಿಯ ಬಾಗಿಲಿಗೆ ಉದ್ದನೆಯ ಗಾಜಿನ ಪಟ್ಟಿ, ಒಳಗೆ ಕಾಣುತ್ತಿತ್ತು. ಉಪಾಧ್ಯಾಯರು ಬಂದರು, ಪ್ರಶ್ನೆಪತ್ರಿಕೆ ಹಂಚಿದರು, ಏನೋ ಹೇಳಿ ನಕ್ಕರು, ಹೊರಗೆ ಬಂದು ನನಗೂ ಒಂದು ನಗೆ ಬೀರಿ ತಮ್ಮ ಕೋಣೆಗೆ ಹೋಗಿಬಿಟ್ಟರು. ಏನೋ ಮರೆತಿದ್ದಾರೆ, ತರುತ್ತಾರೆ ಎಂದು ಕಾದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬರಲೇ ಇಲ್ಲ. ಒಬ್ಬ ಹುಡುಗ ಎದ್ದು ಬಂದು ನೀರು ಕುಡಿದು ಮತ್ತೆ ಒಳಗೆ ಹೋದ. ನಾನು ಬೆಂಚಿನ ತುದಿಗೆ ಬಂದಿದ್ದೆ. ಒಳಗೆ ಹೋಗಿ ನಿಲ್ಲಬೇಕೆಂದು ಕಾಲು ತವಕಿಸುತ್ತಿತ್ತು. ಗಾಜಿನಲ್ಲಿ ಇಣುಕಿ ಯಾರ ಕತ್ತು ಯಾವ ಕಡೆ ತಿರುಗುತ್ತದೆ ಎಂದು ನೋಡಿದೆ. ಎಲ್ಲ ತಲೆಗಳೂ ಬಗ್ಗಿಯೇ ಇದ್ದವು. ಒಬ್ಬಳು ಮಾತ್ರ ತಲೆ ಎತ್ತಿ, ಬಾಗಿಲಿನಾಚೆ ಶಾಲು ಹೊದ್ದ ಹೆಂಗಸು ದುರುಗುಟ್ಟಿ ನೋಡುತ್ತಿರುವುದನ್ನು ಕಂಡು ಬೆಚ್ಚಿದಳು. ನಾಚಿಕೆಯಾಗಿ ಬೆಂಚಿಗೆ ಹಿಂತಿರುಗಿದೆ.

ಸೊಸೆ ಹೊರಗೆ ಬಂದ ಮೇಲೆ ಕೇಳಿದೆ. ಅಲ್ಲಿ ಹಾಗೆಯೇ ಅಂತೆ. 1943ರಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ವಿದ್ಯಾರ್ಥಿಗಳೇ ಮಾಡಿಕೊಂಡ ಪ್ರಾಮಾಣಿಕತೆಯ ನಿಯಮವೊಂದಿದೆ, ಆನರ್ ಕೋಡ್ ಎನ್ನುತ್ತಾರೆ. ಉತ್ತರಪತ್ರಿಕೆಯಾಗಲಿ, ಮನೆಯಲ್ಲಿ ಬರೆದ ಪ್ರಬಂಧವಾಗಲಿ, ಪ್ರತಿಯೊಂದರ ಮೇಲೂ ಒಂದು ವಾಕ್ಯ ಬರೆದು ಸಹಿ ಹಾಕಬೇಕು. ಒಪ್ಪಿಗೆಯಿಲ್ಲದ ಸಹಾಯವನ್ನು ನಾನು ಕೊಟ್ಟಿಲ್ಲ, ಪಡೆದಿಲ್ಲ, ಬೇರೆಯವರು ಪಡೆಯುವುದನ್ನು ಕಂಡು ಸಹಿಸಿಯೂ ಇಲ್ಲ ಎಂದು ಅದರ ಅರ್ಥ. ಮುರಿದರೆ ವಿಚಾರಿಸುವುದಕ್ಕೆ ವಿದ್ಯಾರ್ಥಿಗಳದೇ ಒಂದು ಮಂಡಳಿ.

"ಕಂಡು ಸಹಿಸಿಯೂ ಇಲ್ಲ ಅಂದ್ರೆ?"

"ನಾನು ಕಾಪಿ ಮಾಡದೇ ಇದ್ರೆ ಸಾಲದು ಅತ್ತೆ. ಬೇರೆಯವರು ಮಾಡಿದ್ದು ನೋಡಿ ಸುಮ್ಮನೆ ಇದ್ರೆ ಅದೂ ನನ್ನ ತಪ್ಪೇ."

ಅಷ್ಟೇ ಅವಳು ಹೇಳಿದ್ದು. ನೆಟ್ಟಗೆ ಬಂದು ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಆ ಮಧ್ಯಾಹ್ನ ಏನು ತಿಂದೆನೋ, ಏನು ನೋಡಿದೆನೋ ಒಂದೂ ನೆನಪಿಲ್ಲ.

1998. ನಾನು ಆಗ ಇನ್ನೊಂದು ಊರಿನ ಪ್ರೌಢಶಾಲೆಯಲ್ಲಿದ್ದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅದೇ ಸೆಂಟರು. ಗಣಿತದ ದಿನ. ಬೆಳಿಗ್ಗೆ ಹಿರಿಯರೊಬ್ಬರು ನಮ್ಮನ್ನೆಲ್ಲ ಕರೆದು, "ಹೆಚ್ಚು ಸ್ಟ್ರಿಕ್ಟ್ ಬೇಡ, ಈ ಸಲ ರಿಸಲ್ಟ್ ಬೀಳಬಾರದು" ಎಂದರು. ಅದಕ್ಕಿಂತ ಹೆಚ್ಚು ಯಾರೂ ಬಿಡಿಸಿ ಹೇಳುವುದಿಲ್ಲ, ಬಿಡಿಸಿ ಹೇಳುವುದು ಬೇಕಾಗಿಯೂ ಇಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಎರಡು ಜಡೆ, ಎಣ್ಣೆ ಹಚ್ಚಿ ಬಿಗಿದದ್ದು. ಲಂಗದ ನೆರಿಗೆಯೊಳಗಿಂದ ಚೀಟಿ ತೆಗೆದಳು, ಥೇಲ್ಸನ ಪ್ರಮೇಯ, ಸಣ್ಣಕ್ಷರದಲ್ಲಿ. ತಲೆ ಎತ್ತಿದಳು, ನಾನು ನೋಡುತ್ತಿದ್ದೆ. ನಮ್ಮ ಕಣ್ಣು ಕೂಡಿತು. ಅವಳ ಮುಖದ ರಕ್ತ ಇಳಿದುಹೋಯಿತು. ನಾನು ಮುಖ ತಿರುಗಿಸಿ ಕಿಟಕಿಯಾಚೆ ಹೊಂಗೆಮರ ನೋಡಿದೆ. ನೋಡುತ್ತಲೇ ನಿಂತೆ. ಬರೆದುಕೋ ಎಂದು ಬಾಯಲ್ಲಿ ಹೇಳಿದ್ದರೂ ಅದಕ್ಕಿಂತ ಸ್ಪಷ್ಟವಾಗುತ್ತಿರಲಿಲ್ಲ.

ಹತ್ತು ನಿಮಿಷಕ್ಕೆ ಸ್ಕ್ವಾಡಿನ ಜೀಪು ಬಂತು. ಅವರು ನೆಟ್ಟಗೆ ನಮ್ಮ ಕೊಠಡಿಗೇ ನುಗ್ಗಿದರು. ಚೀಟಿ ಇನ್ನೂ ಅವಳ ಉತ್ತರಪತ್ರಿಕೆಯ ಕೆಳಗೇ ಇತ್ತು. ನನ್ನ ಅಭಯ ಸಿಕ್ಕಿತ್ತಲ್ಲ, ಅದಕ್ಕೇ ಅವಳು ಅವಸರ ಮಾಡಿರಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ, "ನೀವು ನೋಡಲಿಲ್ವಾ ಮೇಡಂ?" ಎಂದರು. "ಇಲ್ಲ ಸಾರ್" ಎಂದೆ. ಹಾಗೆಂದು ಬರೆದು ಸಹಿ ಮಾಡಿಯೂ ಕೊಟ್ಟೆ. ಬರೆಯುವಾಗ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ನೋಡಿದ್ದೆನೆಂದು ಈ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಒಂದು ಮಾತೂ ಆಡಲಿಲ್ಲ. ಡಿಬಾರಾದಳು. ಆ ಮೇ ತಿಂಗಳಲ್ಲೇ ಮದುವೆಯಾಯಿತೆಂದು ಕೇಳಿದೆ.

ಮುಂದೆ ಏಳೆಂಟು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಕ್ಕಳ ಕೈ ಹಿಡಿದು ನಿಂತಿದ್ದವಳು, "ನಮಸ್ಕಾರ ಮಿಸ್" ಎಂದಳು. ಚೆನ್ನಾಗಿದೀಯಾ ಎಂದೆ. ಚೆನ್ನಾಗಿದೀನಿ ಎಂದಳು. ನನ್ನ ಬಸ್ಸು ಬಂತು, ಹತ್ತಿಕೊಂಡೆ. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಮೋಟೆಲಿನಲ್ಲಿ, ಹೀಟರು ಗೊರಗುಟ್ಟುತ್ತಿರುವಾಗ, ಇದನ್ನೆಲ್ಲ ಸೊಸೆಗೆ ಹೇಳಿದೆ. ಗಂಡನಿಗೂ ಹೇಳಿರಲಿಲ್ಲ. ಥೇಲ್ಸ್ ಎಂದರೆ ಅವಳಿಗೆ ತಿಳಿಯಿತು, ಸ್ಕ್ವಾಡ್ ಎಂದರೆ ತಿಳಿಯಲಿಲ್ಲ, ವಿವರಿಸಿದೆ. ನನ್ನ ಪರವಾಗಿ ಎರಡು ಮಾತು ಹೇಳಬಹುದೆಂಬ ಆಸೆಯೂ ನನಗಿತ್ತೇನೋ. ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ, ಮೇಲಿನವರ ಮಾತು, ಹೀಗೆ. ಅವಳು ಅದೇನೂ ಹೇಳಲಿಲ್ಲ. ಮಂಡಿಗೆ ದಿಂಬು ಅಪ್ಪಿಕೊಂಡು ಕೂತಿದ್ದವಳು, "ಆ ಹುಡುಗಿಗೆ ಸಾರಿ ಹೇಳಿದ್ರಾ ಅತ್ತೆ?" ಎಂದಳು.

"ಇಲ್ಲ."

"ಈಗ ಎಲ್ಲಿದಾಳೆ?"

"ಗೊತ್ತಿಲ್ಲ."

ಗೊತ್ತಿಲ್ಲವೆನ್ನುವುದು ಪೂರ್ತಿ ನಿಜವಲ್ಲ. ಹುಡುಕಿಲ್ಲ ಎನ್ನಬೇಕು. ಈ ಪುಸ್ತಕ ಅವಳ ಕೈಗೆ ಸಿಕ್ಕರೂ ಸಿಗಬಹುದು. ಸಿಕ್ಕರೆ, ಅಮ್ಮಾ, ನಾನು ನೋಡಿದ್ದೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳು ಹೇಳಿದಳು. ಫೆಬ್ರವರಿಯಲ್ಲಿ ರಾತ್ರಿ ನಿದ್ರೆ ಬರುತ್ತಿರಲಿಲ್ಲವಂತೆ. ಡಾಕ್ಟರಾಗಬೇಕೆಂದು ಅಪ್ಪನ ಆಸೆ, ಅದಕ್ಕೆ ಬೇಕಾದ ಕೆಮಿಸ್ಟ್ರಿ ಇವಳಿಗೆ ತಲೆಗೆ ಹತ್ತುತ್ತಿಲ್ಲ. ಪುಸ್ತಕ ತೆಗೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಹಡಿಯ ಆ ಹಿರಿಯ ಹುಡುಗಿಯೇ ಕೈಹಿಡಿದು ಆಪ್ತಸಲಹೆಯ ಕೋಣೆಗೆ ಕರೆದೊಯ್ದಳಂತೆ. ಹಣ ಕೇಳುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಯಾರಿಗೂ ಹೇಳುವುದೂ ಇಲ್ಲ. ವಾರವಾರ ಹೋದಳು. ಕೊನೆಗೆ ಆ ವಿಷಯವನ್ನೇ ಕೈಬಿಟ್ಟಳು. ಹಾಗೆ ಬಿಟ್ಟರೆ ಫೇಲೆಂದು ಬರೆಯುವುದಿಲ್ಲ, ಪಟ್ಟಿಯಲ್ಲಿ ಬಿಟ್ಟಿದ್ದಾಳೆ ಎಂಬುದಕ್ಕೆ ಒಂದು ಅಕ್ಷರ ಮಾತ್ರ ಇರುತ್ತದೆ. ಫಾರಂಗೆ ಸಹಿ ಹಾಕಿದರೆ ಅಪ್ಪ ಮೊದಲು ನೋಡುವುದು ಆ ಅಕ್ಷರವನ್ನೇ.

ನನಗೆ ಸಿಟ್ಟೇ ಬಂತು. ಮೂರು ತಿಂಗಳು ಮಗು ನಿದ್ರೆಗೆಟ್ಟಿದೆ, ಎಂಬತ್ತು ಕಿಲೋಮೀಟರಿನಾಚೆ ಇರುವ ಹೆತ್ತವರಿಗೆ ಗೊತ್ತಿಲ್ಲ, ಇದೆಂಥ ಕಾನೂನು! ನಮ್ಮಲ್ಲಾದರೆ ಒಂದು ದಿನ ಮುಖ ಬಾಡಿದ್ದರೆ ಪಕ್ಕದ ಮನೆಯವರೇ ಬಂದು ಅಮ್ಮನಿಗೆ ಹೇಳುತ್ತಿದ್ದರು. ಈ ಮಾತನ್ನು ನಾನು ಈಗಲೂ ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅಮ್ಮನಿಗೆ ಗೊತ್ತಾಗುತ್ತದೆ ಎಂದೇ ಬಾಯಿ ಮುಚ್ಚಿಕೊಂಡ ಮಕ್ಕಳೂ ನನ್ನ ತರಗತಿಯಲ್ಲಿ ಇದ್ದರಲ್ಲ, ಸ್ಟಾಫ್‌ರೂಮಿನ ಬಾಗಿಲಿನಿಂದ ಓಡಿದವರು. ಬೀಗ ಹಾಕಿದ ಆ ಒಂದು ಬಾಯಿ ಇರದಿದ್ದರೆ ಇವಳು ಯಾರ ಹತ್ತಿರ ಹೋಗುತ್ತಿದ್ದಳು?

"ಅಪ್ಪನಿಗೆ ನೀನೇ ಹೇಳಬೇಕು" ಎಂದೆ.

"ಹೇಳ್ತೀನಿ. ಪರೀಕ್ಷೆ ಮುಗಿಸಿ ಮನೆಗೆ ಬಂದಾಗ. ನೀನು ಮೊದಲು ಹೇಳಬೇಡಿ ಅತ್ತೆ."

"ಇಲ್ಲ."

ಮರುದಿನ ಸಂಜೆ ತಮ್ಮ ಒಬ್ಬನೇ ಕರೆದೊಯ್ಯಲು ಬಂದ. ಮಗಳಿಗೆ ಚಕ್ಕುಲಿ ಡಬ್ಬ ಕೊಟ್ಟ, ತಲೆ ಸವರಿದ, ಚೆನ್ನಾಗಿ ಬರಿ ಎಂದ. ಕಾರು ಹೆದ್ದಾರಿಗೆ ಬಂದು ಸೇರುವವರೆಗೆ ಹವಾ, ಪೆಟ್ರೋಲು ಎಂದು ಏನೇನೋ ಮಾತಾಡಿದ.

"ಅಕ್ಕ, ಏನಾದ್ರೂ ಹೇಳಿದ್ಲಾ?"

"ಹೇಳಿದಳು."

"ಏನು?"

"ಅವಳೇ ಹೇಳ್ತಾಳೆ ನಿನಗೆ."

"ಅಂದ್ರೆ ನಿನಗೆ ಗೊತ್ತಿದೆ."

ಗೊತ್ತಿಲ್ಲ ಎನ್ನುವುದು ಬಹಳ ಸುಲಭವಿತ್ತು, ಅಭ್ಯಾಸವೂ ಇತ್ತು. "ಗೊತ್ತಿದೆ ಕಣೋ. ಆದರೆ ನಾನು ಹೇಳಲ್ಲ. ಪ್ರಾಣಕ್ಕೇನೂ ಅಪಾಯವಿಲ್ಲ, ಹುಡುಗಿ ಚೆನ್ನಾಗಿದಾಳೆ. ಅವಳು ಹೇಳುವಾಗ ಕಿರುಚಬೇಡ, ಅಷ್ಟೇ" ಎಂದೆ.

ಟೋಲ್‌ಗೇಟು ದಾಟುವವರೆಗೂ ಅವನು ಮಾತಾಡಲಿಲ್ಲ. ಪಿಯುಸಿಯ ಕಾರ್ಡಿನ ಸಹಿ ಅವನಿಗೂ ನೆನಪಾಗಿತ್ತೋ ಏನೋ. ಆಮೇಲೆ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ, "ಭಾನುವಾರ ಬರ್ತಾಳೆ. ಬಿಸಿಬೇಳೆಬಾತ್ ಮಾಡ್ತೀಯಾ ಅಕ್ಕ? ಅವಳಿಗೆ ನಿನ್ನ ಕೈದೇ ಆಗಬೇಕು" ಎಂದ.